ಬೆಳಂಬಾರ: ಪಹಣಿಯಲ್ಲಿಲ್ಲದ ಸುಗ್ಗಿ ಅಂಗಳ

ಬೆಳಂಬಾರ ಎಂದರೆ ದೂರದ ಜಿಲ್ಲೆಗಳ ಜನರಿಗೆ ಮೊದಲು ನೆನಪಾಗುವುದು ಔಷಧಿ. ಪಾರ್ಶ್ವವಾಯು ಬಡಿದವರನ್ನು ಕರೆದುಕೊಂಡು ಇಲ್ಲಿನ ಹಾಲಕ್ಕಿ ನಾಟಿವೈದ್ಯರ ಮನೆ ಹುಡುಕಿ ಬರುವವರು ರಾಜ್ಯದ ಎಲ್ಲ ಮೂಲೆಗಳಿಂದಲೂ ಇದ್ದಾರೆ. ಅಂಕೋಲಾ ತಾಲ್ಲೂಕಿನವರನ್ನು ಕೇಳಿದರೆ ಉತ್ತರ ಬೇರೆ. ಅವರಿಗೆ ಬೆಳಂಬಾರ ಎಂದರೆ ಸುಗ್ಗಿ.

ಅಂಕೋಲಾ ಪೇಟೆಯಿಂದ ಕಡಲಿನ ಕಡೆಗೆ ಇಳಿದರೆ ಸಿಗುವ ಊರು ಇದು. ತನ್ನದೇ ಗ್ರಾಮ ಪಂಚಾಯಿತಿ ಇದೆ. ಗದ್ದೆ ಬಯಲಿನ ಅಂಚಿಗೆ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು, ಕಡಲಂಚಿಗೆ ಮೀನುಗಾರರ ಖಾರ್ವಿವಾಡ. ಭತ್ತ, ತರಕಾರಿ, ಮೀನು, ತೆಂಗು ಇಲ್ಲಿನ ಬದುಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಈ ಕರಾವಳಿಯ ಕಂದಾಯ ಕಾಗದಗಳೂ ಮುಂಬಯಿಯ ಪದ್ಧತಿಗೆ ತಿರುಗಿದವು. ಯಾವ ಗದ್ದೆ ಯಾರದು, ಎಷ್ಟು ತೀರ್ವೆ ಎಂಬುದೆಲ್ಲ ಅಚ್ಚುಕಟ್ಟಾಗಿ ಬರೆದಿಟ್ಟರು. ಯಾವ ಅಂಗಳದಲ್ಲಿ ಊರು ಕುಣಿಯುತ್ತದೆ ಎಂಬುದಕ್ಕೆ ಆ ಕಾಗದದಲ್ಲಿ ಕಾಲಂ ಇರಲಿಲ್ಲ. ಇಂದಿನ ಪಹಣಿಯಲ್ಲೂ ಇಲ್ಲ. ಈ ಬರಹಕ್ಕೆ ಕಾರಣ ಅದೇ.

ಸುಗ್ಗಿ ನೋಡದವರಿಗೆ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಯ್ಲು ಮುಗಿದು ಗದ್ದೆ ಒಣಗಿ ಫಾಲ್ಗುಣದ ಹೋಳಿ ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ಕೊಪ್ಪದ ಗಂಡಸರು ಕಟ್ಟು ಕಟ್ಟುತ್ತಾರೆ. ತಲೆಗೆ ಬೆಂಡು ಮತ್ತು ಬಣ್ಣದ ಕಾಗದದಲ್ಲಿ ಅರಳಿಸಿದ ತುರಾಯಿ. ಅದರ ಮೇಲೆ ಹೂ, ಹಕ್ಕಿ. ಕೈಯಲ್ಲಿ ಕೋಲು, ನವಿಲುಗರಿಯ ಕುಂಚ. ಹಿಮ್ಮೇಳಕ್ಕೆ ಗುಮಟೆ, ಜಾಗಟೆ, ತಾಳ. ಗುಮಟೆಯ ಮಣ್ಣಿನ ಗಡಿಗೆಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ತುರಾಯಿ ಏರಿಸಿದ ಮೇಲೆ ಅದನ್ನು ಇಳಿಸುವ ತನಕ ನೇಮ ಇರುತ್ತದೆ, ಕಟ್ಟಿದವನು ಆ ದಿನಗಳಲ್ಲಿ ಬರೀ ಮನೆಯ ಮಗನಲ್ಲ, ಊರಿನ ಸುಗ್ಗಿಯವನು. ತಂಡ ಕೊಪ್ಪದ ಊರಗೌಡನ ಅಂಗಳದಿಂದ ಹೊರಟು ಮನೆಮನೆಗೆ, ಊರೂರಿಗೆ ಹೋಗುತ್ತದೆ. ಅಂಗಳದ ತುಳಸಿಕಟ್ಟೆಯ ಸುತ್ತ ಸುತ್ತು ಹಾಕಿ ಕುಣಿದು ಆ ಮನೆಗೆ ಒಳ್ಳೆಯದಾಗಲಿ ಎಂದು ಹರಸಿ ಮುಂದೆ ನಡೆಯುತ್ತದೆ. ದಿನ ಕಳೆದಂತೆ ಹಗರಣ ಎಂಬ ಅಣಕವೇಷವೂ ಸೇರಿಕೊಳ್ಳುತ್ತದೆ. ವರ್ಷವಿಡೀ ಅಧಿಕಾರಿಗಳಿಗೂ ರಾಜಕಾರಣಿಗಳಿಗೂ ಎದುರಾಗಿ ಹೇಳಲಾಗದ ಮಾತನ್ನು ವೇಷ ಹಾಕಿ ಬೀದಿಯಲ್ಲೇ ಹೇಳುವ ಹಕ್ಕು ಹಾಲಕ್ಕಿ ಸಮುದಾಯಕ್ಕೆ ಆಗ ಸಿಗುತ್ತದೆ. ಅಂಕೋಲಾ ಪೇಟೆಯ ಜನ ಅದನ್ನು ನೋಡಲು ರಸ್ತೆಯ ಎರಡೂ ಬದಿ ಕಿಕ್ಕಿರಿಯುತ್ತಾರೆ.

ಹೆಂಗಸರ ಪಾಲೂ ದೊಡ್ಡದು, ಆದರೆ ಅದು ತುರಾಯಿಯ ಕೆಳಗೆ ಕಾಣುವುದಿಲ್ಲ. ತಾರ್ಲೆ ಕುಣಿತ, ಬೀಸುವ ಹಾಡು, ಮದುವೆ ಹಾಡು ಅವರ ಬಾಯಲ್ಲೇ ಉಳಿದಿವೆ. ಇದೇ ತಾಲ್ಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು. ಗಿಡ ಬೆಳೆಸಿ ಹೆಸರಾದ ಹೊನ್ನಳ್ಳಿಯ ತುಳಸಿ ಗೌಡರಿಗೆ ಆ ಗೌರವ ಘೋಷಣೆಯಾದದ್ದು 2020ರಲ್ಲಿ. 2024ರ ಡಿಸೆಂಬರ್‌ನಲ್ಲಿ ತುಳಸಿ ಅಜ್ಜಿ, 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ತೀರಿಹೋದರು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಇಬ್ಬರೂ ಕೊನೆಯವರೆಗೂ ಕೇಳುತ್ತಲೇ ಇದ್ದರು. ಅವರ ಕಣ್ಣೆದುರು ಅದು ಆಗಲಿಲ್ಲ. ಇಬ್ಬರು ಪದ್ಮಶ್ರೀ ಪುರಸ್ಕೃತರನ್ನು ಕೊಟ್ಟ ಸಮುದಾಯದ ಒಂದೇ ಒಂದು ಕೋರಿಕೆ ಇಷ್ಟು ಕಾಲ ಕಡತದಲ್ಲೇ ಕೂತಿರುವುದು ಅನ್ಯಾಯ.

ಬೆಳಂಬಾರದ ಸುಗ್ಗಿಗೆ ಮಾತ್ರ ಇರುವ ಒಂದು ಹೆಮ್ಮೆ ಇದೆ. ಬ್ರಿಟಿಷರು ಈ ಊರಿನ ಕುಣಿತ ಮೆಚ್ಚಿ ತಾಮ್ರಪತ್ರ ಕೊಟ್ಟಿದ್ದರು ಎಂದು ಊರವರು ಹೇಳುತ್ತಾರೆ. ಅದರ ನೆನಪಿಗೆ ತಂಡ ಅಂಕೋಲಾದ ತಹಶೀಲ್ದಾರ ಕಚೇರಿಯ ಎದುರು ಕುಣಿಯುತ್ತದೆ, ತಹಶೀಲ್ದಾರರು ಹೊರಗೆ ಬಂದು ಕಾಣಿಕೆ ಕೊಟ್ಟು ಗೌರವಿಸುತ್ತಾರೆ. ಸ್ವಾತಂತ್ರ್ಯ ಬಂದ ಮೇಲೂ ಆ ಪದ್ಧತಿ ನಿಲ್ಲಲಿಲ್ಲ.

ಈ ತಾಮ್ರಪತ್ರದ ಮಾತನ್ನು ಪರೀಕ್ಷಿಸಿ ನೋಡಬೇಕಾದದ್ದೇ. ತಾಮ್ರದ ಹಲಗೆಯ ಮೇಲೆ ದಾನ ಬರೆಸುವುದು ಕದಂಬರ ಕಾಲದಿಂದ ವಿಜಯನಗರ, ಸೋದೆಯ ಅರಸರವರೆಗಿನ ರೂಢಿ. ಕಂಪನಿ ಮತ್ತು ಆಮೇಲಿನ ಬ್ರಿಟಿಷ್ ಆಡಳಿತ ಸಾಮಾನ್ಯವಾಗಿ ಕಾಗದದ ಸನದುಗಳನ್ನೇ ಕೊಡುತ್ತಿತ್ತು. ಇನ್ನೊಂದು ಸಾಧ್ಯತೆಯೂ ಇದೆ. ಸ್ವಾತಂತ್ರ್ಯದ 25ನೇ ವರ್ಷಕ್ಕೆ, 1972ರಲ್ಲಿ, ಕೇಂದ್ರ ಸರಕಾರ ಸ್ವಾತಂತ್ರ್ಯ ಯೋಧರಿಗೆ ತಾಮ್ರಪತ್ರ ಕೊಟ್ಟಿತು. ಕರನಿರಾಕರಣೆಯ ಊರಾದ ಅಂಕೋಲಾದಲ್ಲಿ ಆ ಮಾತು ಮನೆಮಾತಾಗಿತ್ತು. ಹಳೆಯ ಗೌರವವೊಂದರ ನೆನಪಿಗೆ ಹೊಸ ಹೆಸರು ಅಂಟಿಕೊಂಡಿರಲೂಬಹುದು. ಹಾಗೆಂದು ಊರಿನ ಮಾತನ್ನು ತಳ್ಳಿಹಾಕುವುದು ತಪ್ಪು. ಲೋಹ ಯಾವುದೇ ಇರಲಿ, ಸರಕಾರದ ಕಚೇರಿಯೊಂದು ತನ್ನ ಅಂಗಳವನ್ನು ಒಂದು ಊರಿನ ಕುಣಿತಕ್ಕೆ ಬಿಟ್ಟುಕೊಡುವ ನಡವಳಿಕೆ ತಲೆಮಾರುಗಳಿಂದ ಇದೆ. ಕಾನೂನಿನಲ್ಲಿ ರೂಢಿಗೂ ಬೆಲೆ ಇದೆ. ಆ ಅಂಗಳವನ್ನು ನಾಳೆ ಯಾರಾದರೂ ಪಾರ್ಕಿಂಗ್‌ಗೋ ಹೊಸ ಕಟ್ಟಡಕ್ಕೋ ಬಳಸಿದರೆ ಬೆಳಂಬಾರದವರು ತೋರಿಸಬಹುದಾದ ಸಾಕ್ಷಿ ಆ ರೂಢಿಯೇ.

ಊರು ಸೇರುವ ಬಯಲುಗಳು ಅಂಕೋಲಾಕ್ಕೆ ಎಷ್ಟು ಮುಖ್ಯ ಎಂಬುದನ್ನು ಚರಿತ್ರೆಯೇ ಹೇಳುತ್ತದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು. ಅಂದು ಸೇರಿದವರು 40 ಸಾವಿರ ಎಂದು ಬರೆದವರಿದ್ದಾರೆ, ಕಡಿಮೆ ಹೇಳಿದವರೂ ಇದ್ದಾರೆ. ಮೊದಲ ಉಪ್ಪಿನ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು. ಅಷ್ಟು ಜನ ನಿಲ್ಲಲು ಬಯಲಿತ್ತು ಎಂಬುದು ಆ ದಿನದ ಕತೆಯಲ್ಲಿ ಯಾರೂ ಎತ್ತಿ ಹೇಳದ ಭಾಗ. ಇಂದು ಕ್ರೀಡೆ, ಸಭೆ, ಸಮಾರಂಭಗಳೆಲ್ಲಕ್ಕೂ ಪೇಟೆಯ ಜನ ನೆಚ್ಚಿಕೊಂಡಿರುವುದು ಜೈಹಿಂದ್ ಮೈದಾನವನ್ನು.

ಬೆಳಂಬಾರದ ಖಾರ್ವಿವಾಡಕ್ಕೆ ಮೈದಾನ ಎಂದರೆ ಕಡಲತಡಿಯೇ. ಬೆಳಿಗ್ಗೆ ಅಲ್ಲಿ ಏಂಡಿ ಬಲೆ ಎಳೆಯುತ್ತಾರೆ, ಮೀನು ಒಣಗಿಸುತ್ತಾರೆ, ದೋಣಿ ದುರಸ್ತಿ ಮಾಡುತ್ತಾರೆ. ಸಂಜೆ ಅದೇ ಮರಳಿನಲ್ಲಿ ಮಕ್ಕಳ ಆಟ. ದುಡಿಮೆಯ ಜಾಗ, ಆಟದ ಜಾಗ ಎಂದು ಬೇಲಿ ಹಾಕಿ ಬೇರ್ಪಡಿಸಿಲ್ಲ. ಯೋಜನೆ ಬರೆಯುವವರಿಗೆ ಅದು ಖಾಲಿ ಮರಳಾಗಿ ಕಾಣುವುದು ಇದಕ್ಕೇ.

ಕಾರವಾರದಲ್ಲಿ ಇದು ಒಮ್ಮೆ ನಡೆದುಹೋಗಿದೆ. ರವೀಂದ್ರನಾಥ ಟ್ಯಾಗೋರ್ ಕಡಲತೀರ ಆ ಪಟ್ಟಣದ ದೊಡ್ಡ ಅಂಗಳ. ತರುಣ ಟ್ಯಾಗೋರರು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಇಲ್ಲಿದ್ದು ನಾಟಕ ಬರೆದರು ಎಂಬುದು ಆ ಹೆಸರಿನ ಹಿಂದಿನ ಚರಿತ್ರೆ. ಮಯೂರವರ್ಮ ವೇದಿಕೆ, ಚಪಲ್ ಯುದ್ಧನೌಕೆಯ ಸಂಗ್ರಹಾಲಯ, ಕರಾವಳಿ ಉತ್ಸವ ಎಲ್ಲವೂ ಈ ಮರಳಿನ ಮೇಲೆಯೇ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ವಾಣಿಜ್ಯ ಬಂದರು ವಿಸ್ತರಣೆಗೆಂದು ಅಲೆತಡೆಗೋಡೆಯ ಕೆಲಸ ಪೊಲೀಸ್ ಕಾವಲಿನಲ್ಲಿ ಶುರುವಾದಾಗ ಮೀನುಗಾರರು ಕಡಲಿಗಿಳಿದು ಪ್ರತಿಭಟಿಸಿದರು. ಪಟ್ಟಣ ಬಂದ್ ಆಯಿತು. ಅರ್ಗಾ, ಬಿಣಗಾದ ತೀರಗಳು ಸೀಬರ್ಡ್ ನೌಕಾನೆಲೆಗೆ ಹೋದವು, ಉಳಿದದ್ದು ಇದೊಂದೇ ಎಂಬುದು ಅವರ ಮುಖ್ಯ ವಾದ. ತಮ್ಮನ್ನು ಸರಿಯಾಗಿ ಕೇಳಲೇ ಇಲ್ಲ ಎಂಬುದು ಎರಡನೆಯದು. ಅದೇ ತಿಂಗಳು ಹೈಕೋರ್ಟ್ ಕಾಮಗಾರಿಗೆ ತಡೆ ಕೊಟ್ಟಿತು.

ಈಗ ಅದೇ ಪ್ರಶ್ನೆ ಬೆಳಂಬಾರದ ನೆರೆಗೆ ಬಂದಿದೆ. ಕೇಣಿಯಲ್ಲಿ ಸರ್ವಋತು ಬಂದರು ಕಟ್ಟುವ ಗುತ್ತಿಗೆ 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಇನ್ಫ್ರಾಸ್ಟ್ರಕ್ಚರ್‌ಗೆ ಸಿಕ್ಕಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ವರ್ಷಕ್ಕೆ 3 ಕೋಟಿ ಟನ್ ಸರಕಿನ ಆರಂಭಿಕ ಸಾಮರ್ಥ್ಯ. 2025ರ ಆರಂಭದಲ್ಲಿ ಕಡಲಿನಲ್ಲಿ ಸಮೀಕ್ಷೆ ನಡೆದಾಗಲೇ ಕೇಣಿ ಮತ್ತು ಸುತ್ತಲಿನ ಕಡಲೂರುಗಳ ಮೀನುಗಾರರು ಬೀದಿಗೆ ಬಂದಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಅಂಕೋಲಾದಲ್ಲಿ ಪರಿಸರ ಅಹವಾಲು ಸಭೆ ನಡೆದಾಗ ಸೇರಿದ ಜನರ ವಿರೋಧ ತಾಲ್ಲೂಕಿನಲ್ಲಿ ಯಾರೂ ಮರೆಯುವಂಥದ್ದಲ್ಲ.

ಅಹವಾಲು ಎಂದರೆ ವೇದಿಕೆಯ ಮೇಲೆ ಮೈಕು ಹಿಡಿದು ಬೇಡ ಎನ್ನುವುದಷ್ಟೇ ಅಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ತಿಳಿಸಬೇಕು. ಸಭೆ ಯೋಜನೆಯ ಸ್ಥಳದಲ್ಲೋ ತೀರ ಹತ್ತಿರದಲ್ಲೋ ನಡೆಯಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರು ಅಧ್ಯಕ್ಷರಾಗಿರಬೇಕು. ಸಭೆಯ ನಡಾವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇವೆಲ್ಲ ಹೋರಾಟಗಾರರಿಗೆ ಗೊತ್ತು. ಯಾರೂ ಹೆಚ್ಚು ಗಮನಿಸದ ಸಂಗತಿ ಅದೇ ಅಧಿಸೂಚನೆಯ ಜೊತೆಗಿರುವ ಅರ್ಜಿ ನಮೂನೆಯಲ್ಲಿದೆ. ಯೋಜನೆಯ ಗಡಿಯಿಂದ 15 ಕಿ.ಮೀ. ವ್ಯಾಪ್ತಿಯಲ್ಲಿ ಏನೇನಿದೆ ಎಂದು ಕೇಳುವ ಪಟ್ಟಿ ಅದು. ಮನರಂಜನೆಯ, ಪ್ರವಾಸದ, ಯಾತ್ರೆಯ ಜಾಗಗಳಿಗೆ ಜನ ಬಳಸುವ ದಾರಿಗಳು ಯಾವುವು ಎಂದು ಅಲ್ಲಿ ಕೇಳಿದೆ. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳ ಸಾಲಿನಲ್ಲೇ ಸಮುದಾಯದ ಸೌಲಭ್ಯಗಳನ್ನೂ ಕೇಳಿದೆ.

ಅಂದರೆ ಸುಗ್ಗಿಯ ದಾರಿಗೆ ಕಂದಾಯ ಕಾಗದದಲ್ಲಿ ಇಲ್ಲದ ಕಾಲಂ ಇಲ್ಲಿ ಇದೆ. ಕೇಣಿಯಿಂದ ಬೆಳಂಬಾರ 15 ಕಿ.ಮೀ. ಒಳಗೇ ಬರುತ್ತದೆ. ಆದರೆ ಆ ನಮೂನೆ ತುಂಬಿಸುವವರು ಕಂಪನಿ ನೇಮಿಸಿದ ಸಲಹೆಗಾರರು. ಸುಗ್ಗಿ ತಂಡ ಯಾವ ಕೊಪ್ಪದಿಂದ ಹೊರಟು ಯಾವ ಅಂಗಳದಲ್ಲಿ ನಿಂತು ಎಲ್ಲಿ ರಸ್ತೆ ದಾಟಿ ತಹಶೀಲ್ದಾರ ಕಚೇರಿ ಸೇರುತ್ತದೆ ಎಂಬುದು ಅವರಿಗೆ ತಿಳಿಯುವ ಬಗೆ ಇಲ್ಲ, ಊರು ಬರೆದುಕೊಡದ ಹೊರತು. ಬಂದರಿಗೆ ಬರುವ ರಸ್ತೆ, ರೈಲುಮಾರ್ಗಗಳು ಈ ದಾರಿಯನ್ನು ತುಂಡರಿಸುತ್ತವೆಯೇ ಎಂಬ ಪ್ರಶ್ನೆಯನ್ನು ಕೇಳಬೇಕಾದರೂ ದಾರಿ ಮೊದಲು ನಕ್ಷೆಯ ಮೇಲೆ ಇರಬೇಕು.

ಇದನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ಸೀಬರ್ಡ್ ಪಾಠವಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಆ ನೌಕಾನೆಲೆಗೆ ಕಾರವಾರ, ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಎದ್ದುಹೋಗಬೇಕಾಯಿತು. ಮನೆಗೆ, ಜಮೀನಿಗೆ, ಮರಕ್ಕೆ ಪರಿಹಾರದ ಲೆಕ್ಕ ಹಾಕಿದರು; ಆ ಹಣಕ್ಕೂ ಜನ ದಶಕಗಳ ಕಾಲ ಕೋರ್ಟು ಅಲೆದರು. ಊರೊಟ್ಟಿಗೆ ಕೂಡಿ ಕುಣಿದ ಜಾಗಕ್ಕೆ ಲೆಕ್ಕವೇ ಇರಲಿಲ್ಲ. ಬೇರೆ ಬೇರೆ ಕಾಲೊನಿಗಳಿಗೆ ಹಂಚಿಹೋದ ಊರು ಮತ್ತೆ ಒಂದೇ ಅಂಗಳದಲ್ಲಿ ಸೇರುವುದು ಸುಲಭವಲ್ಲ.

ಬಂದರು ಬೇಕೋ ಬೇಡವೋ ಎಂಬ ಜಗಳದಲ್ಲಿ ಬೆಳಂಬಾರದವರು ಯಾವ ಕಡೆಗಾದರೂ ಇರಲಿ, ಈ ದಾಖಲೆ ಮಾತ್ರ ಬೇಕೇಬೇಕು. ಅದಕ್ಕೆ ದಾರಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿ ಮಟ್ಟದ ಸಮಿತಿಗಳು ಗಿಡಮೂಲಿಕೆಯ ಜ್ಞಾನವನ್ನೂ ಸೇರಿಸಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡುತ್ತವೆ. ಔಷಧಿಯ ಊರಾದ ಬೆಳಂಬಾರಕ್ಕೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಶ್ರದ್ಧೆಯಿಂದ ಕೊಪ್ಪಗಳ ಸುಗ್ಗಿ ದಾರಿ, ತಂಗುವ ಅಂಗಳಗಳು, ಖಾರ್ವಿವಾಡದ ಬಲೆ ಎಳೆಯುವ ಮತ್ತು ಆಡುವ ತೀರ, ತಹಶೀಲ್ದಾರ ಕಚೇರಿ ಅಂಗಳದ ರೂಢಿ ಎಲ್ಲವನ್ನೂ ಗ್ರಾಮಸಭೆಯಲ್ಲಿ ಠರಾವು ಮಾಡಿ ನಕ್ಷೆ ಸಮೇತ ಜಿಲ್ಲಾಧಿಕಾರಿಗೆ ಕಳಿಸಬಹುದು. ಕೊಪ್ಪದ ಕಟ್ಟುಪಾಡು ನೋಡಿಕೊಳ್ಳುವ ಊರಗೌಡ, ಬುಧವಂತ, ಕೋಲಕಾರರಿಗೆ ಪ್ರತಿ ಅಂಗಳದ ಹೆಸರೂ ಬಾಯಿಪಾಠ. ಬರೆಯುವ ಕೆಲಸಕ್ಕೆ ಊರಿನಲ್ಲಿ ಓದಿದ ಹುಡುಗ ಹುಡುಗಿಯರಿದ್ದಾರೆ. ತುರಾಯಿ ಇಳಿಸಿದ ಮರುವಾರವೇ ಆ ಗ್ರಾಮಸಭೆ ಕರೆಯುವುದು ಒಳ್ಳೆಯದು. ನಡೆದ ದಾರಿ ಆಗ ಎಲ್ಲರ ಕಾಲಿಗೂ ನೆನಪಿರುತ್ತದೆ, ದುಡಿಮೆಗೆ ಹೊರಗೆ ಹೋದವರೂ ಹಬ್ಬಕ್ಕೆಂದು ಮನೆಯಲ್ಲೇ ಇರುತ್ತಾರೆ.