ಮೈಲಿ ಮೀಟರಿನ ಶಿಲ್ಕು

1956 ಅಂದರೆ ಹೈದರಾಬಾದಿನ ಕನ್ನಡಿಗರಿಗೆ ನೆನಪಾಗುವುದು ಇಲ್ಲಿನ ರಾಜ್ಯ ಒಡೆದು ಕನ್ನಡ ಭಾಗಗಳು ಮೈಸೂರಿಗೆ ಸೇರಿದ್ದು. ಅದೇ ವರ್ಷ ಬಂದ ತೂಕ-ಅಳತೆ ಕಾಯ್ದೆಯಿಂದ ಮೈಲಿ ಹೋಗಿ ಕಿಲೋಮೀಟರು ಬಂತು. ರಸ್ತೆಬದಿಯ ಕಲ್ಲುಗಳು ಬದಲಾದವು. ಬ್ರಿಟನ್ನಿನಿಂದ ಬಂದಿದ್ದ ಎಂ.ಜಿ.ಯಂಥ ಸ್ಪೋರ್ಟ್ಸ್ ಕಾರುಗಳ ಮೀಟರು ಮಾತ್ರ ಮೈಲಿಯದೇ.

ಬೇರೆ ಮಾಡೆಲ್ಲಿನ ಮೀಟರು ತಂದು ಕೂರಿಸಿದರೆ ಮುಗಿಯಿತೇ? ಇಲ್ಲ ನೋಡಿ. ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲಿನ ಸುತ್ತುಗಳಿಗೆ ಅದು ಹೊಂದದಿದ್ದರೆ ಮುಳ್ಳೂ ಸುಳ್ಳು, ಓಡಿದ ಲೆಕ್ಕವೂ ಸುಳ್ಳು. ಬರೀ ಡಯಲ್ಲು ಬದಲಿಸಿದರೆ ಮುಳ್ಳು ಸರಿಹೋದೀತು, ಅಂಕಿಚಕ್ರ ಮೈಲಿಯನ್ನೇ ಎಣಿಸುತ್ತದೆ. ಅಲ್ಲಿ 10,000 ಅಂದರೆ ನಿಜಕ್ಕೂ 16,093 ಕಿ.ಮೀ.

ಲೆಡ್ಜರು ಬದಲಾದಾಗ ಬ್ಯಾಂಕಿನಲ್ಲಿ ನಾವು ಹಿಂದಿನ ಶಿಲ್ಕನ್ನು ಮುಂದಕ್ಕೆ ಬರೆಯುತ್ತಿದ್ದೆವು. ಮೀಟರು ಬದಲಿಸುವವರೂ ಹಳೆಯ ಅಂಕಿಯನ್ನು ತಾರೀಖು ಸಮೇತ ಬರೆದಿಡಬೇಕು. ಇಲ್ಲದಿದ್ದರೆ ಮುಂದೆ ಆ ಗಾಡಿ ಕೊಳ್ಳುವವನಿಗೇ ಮೋಸ.