ಪ್ರಗತಿಪತ್ರ: ಪರೀಕ್ಷೆ ಯಾರದು, ವರದಿ ಯಾರಿಗೆ?

ಎರಡನೆಯ ಇಯತ್ತೆಯ ಮಗು ಶಾಲೆಯಿಂದ ತಂದ ಪ್ರಗತಿಪತ್ರವನ್ನು ಮನೆಯ ಹಿರಿಯರು ಓದುವ ರೀತಿ ಸಾಮಾನ್ಯವಾಗಿ ಒಂದೇ. ಎಷ್ಟು ಬಂತು? ಪಾಸೋ ನಪಾಸೋ? ನೆರೆಮನೆಯ ಹುಡುಗನಿಗಿಂತ ಹೆಚ್ಚೋ ಕಡಿಮೆಯೋ? ಅಂಕಿಗಳ ಜಾಗದಲ್ಲಿ ‘ಎ’, ‘ಬಿ+’ ಎಂಬ ಶ್ರೇಣಿಗಳು ಬಂದಿದ್ದರೂ ಅದನ್ನು ನೋಡುವ ಕಣ್ಣು ಮಾತ್ರ ಹಳೆಯದೇ. ಈ ಕಣ್ಣು ನಮಗೆ ಹೇಗೆ ಬಂತೆಂಬುದನ್ನು ಅರಿಯಲು ಧಾರವಾಡ ಸೀಮೆಯ ಹಳ್ಳಿಯ ಶಾಲೆಗಳ ಚರಿತ್ರೆಯನ್ನು ತುಸು ತಿರುವಿಹಾಕಬೇಕು.

ಸರಕಾರಿ ಶಾಲೆಗಳು ಬರುವ ಮೊದಲು ಇಲ್ಲಿಯ ಹುಡುಗರು ಕಲಿತದ್ದು ಗಾವಠಿ ಶಾಲೆಗಳಲ್ಲಿ, ಎಂದರೆ ಐಗಳ ಮಠದಲ್ಲಿ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಕಾಗದಪತ್ರ ಓದುವುದು, ಬಡ್ಡಿಯ ಲೆಕ್ಕ ಹಾಕುವುದು, ಇಷ್ಟೇ ಅಲ್ಲಿಯ ಪಾಠ. ಇಯತ್ತೆಗಳಾಗಲಿ ವಾರ್ಷಿಕ ಪರೀಕ್ಷೆಯಾಗಲಿ ಇರಲಿಲ್ಲ. ಆದುದರಿಂದ ನಪಾಸಾದವನೆಂಬ ಹುಡುಗನೂ ಇರಲಿಲ್ಲ. ತಂದೆಗೆ ವರದಿ ಬೇಕಾದರೆ ಮಗನನ್ನು ಕರೆದು ‘ಮಗ್ಗಿ ಹೇಳೋ ತಮ್ಮಾ’ ಎಂದರಾಯಿತು. ಕನ್ನಡ ನಾಡಿನ ಹಲವೆಡೆ ಮಹಾನವಮಿಗೆ ಹುಡುಗರು ಗುರುಗಳೊಡನೆ ಮನೆಮನೆಗೆ ಹೋಗಿ ಚೌಪದಿ ಹಾಡುತ್ತಿದ್ದರು. ಕಲಿತದ್ದನ್ನು ಊರಿಗೆಲ್ಲ ತೋರಿಸುವ ವರದಿಯೇ ಅದು. ಹಾಗೆಂದು ಆ ಪದ್ಧತಿಯನ್ನು ಹಾಡಿ ಹೊಗಳಬೇಕಾಗಿಲ್ಲ. ಅಲ್ಲಿ ಬೆತ್ತದ ಆಳ್ವಿಕೆಯಿತ್ತು. ಹೆಣ್ಣುಮಕ್ಕಳಿಗೂ ದಲಿತರಿಗೂ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು.

1854ರ ವುಡ್ ಸಾಹೇಬರ ಶಿಕ್ಷಣ ಪತ್ರದ ತರುವಾಯ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಖಾತೆ ಹುಟ್ಟಿತು. ಆದರೆ ಸರಕಾರಿ ಶಾಲೆಯ ಬಾಗಿಲೂ ಎಲ್ಲರಿಗೆ ತೆರೆಯಲಿಲ್ಲ. 1856ರಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಅರ್ಜಿ ಮಾಡಿದಾಗ ಅವನಿಗೆ ಪ್ರವೇಶ ದೊರೆಯಲಿಲ್ಲ. ಆ ಪ್ರಶ್ನೆ ಮುಂಬಯಿ ಸರಕಾರದ ಮುಂದೆ ಹೋಯಿತು. ಅಲ್ಲಿಯೂ ಅವನಿಗೆ ಪರಿಹಾರ ಸಿಗಲಿಲ್ಲ. ಪ್ರಗತಿಪತ್ರದಲ್ಲಿ ಗುಣ ಬರಬೇಕಾದರೆ ಮೊದಲು ಹಾಜರಿಪಟ್ಟಿಯಲ್ಲಿ ಹೆಸರು ಬರಬೇಕಷ್ಟೆ!

ಕನ್ನಡದ ಮಕ್ಕಳು ಮರಾಠಿಯಲ್ಲಿ ಕಲಿಯಬೇಕಾಗಿದ್ದ ಆ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಅವರ ಹೆಸರಿಗೆ ಅಂಟಿಕೊಂಡ ‘ಡೆಪ್ಯುಟಿ’ ಎಂಬುದು ಶಾಲೆಗಳ ತಪಾಸಣೆಯ ಹುದ್ದೆ. ಹಳ್ಳಿಯ ಶಾಲೆಗೆ ಹಣ ಬರುತ್ತಿದ್ದುದೂ ಹಳ್ಳಿಯಿಂದಲೇ. ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಎತ್ತಿದ ಲೋಕಲ್ ಫಂಡಿನಲ್ಲಿ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ ಸಲ್ಲುತ್ತಿತ್ತು. ನವಲಗುಂದದ ಒಕ್ಕಲಿಗ ಹೊಲದ ಪಟ್ಟಿಯೊಡನೆ ಶಾಲೆಯ ಪಟ್ಟಿಯನ್ನೂ ತೆರುತ್ತಿದ್ದ. ಆದರೆ ಪರೀಕ್ಷೆಯ ವರದಿ ಹೋಗುತ್ತಿದ್ದುದು ಅವನ ಮನೆಗಲ್ಲ, ಮೇಲಿನ ಕಚೇರಿಗೆ.

ಇದಕ್ಕೊಂದು ಕಾರಣವಿತ್ತು. 1862ರಲ್ಲಿ ಇಂಗ್ಲೆಂಡಿನಲ್ಲಿ ‘ಫಲಕ್ಕೆ ತಕ್ಕ ಹಣ’ ಎಂಬ ನಿಯಮ ಬಂತು. ಎಷ್ಟು ಮಕ್ಕಳು ಹಾಜರಿದ್ದಾರೆ, ಓದು ಬರಹ ಲೆಕ್ಕಗಳಲ್ಲಿ ಎಷ್ಟು ಮಂದಿ ಗೆದ್ದಿದ್ದಾರೆ ಎಂಬುದರ ಮೇಲೆ ಶಾಲೆಯ ಅನುದಾನ. ಕೆಲವೇ ವರ್ಷಗಳಲ್ಲಿ, ಸರ್ ಅಲೆಕ್ಸಾಂಡರ್ ಗ್ರ್ಯಾಂಟರು ಶಿಕ್ಷಣ ಖಾತೆಯ ಮುಖ್ಯಸ್ಥರಾಗಿದ್ದಾಗ, ಮುಂಬಯಿ ಪ್ರಾಂತದ ಅನುದಾನಿತ ಶಾಲೆಗಳಿಗೂ ಈ ಪದ್ಧತಿ ಬಂತು. 1882ರ ಹಂಟರ್ ಆಯೋಗವೂ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಇದನ್ನು ಎತ್ತಿಹಿಡಿಯಿತು. ಹೀಗೆ ಚಿಕ್ಕ ಮಗುವಿನ ಪರೀಕ್ಷೆ ಶಾಲೆಯ ಜಮಾಖರ್ಚಿನ ಲೆಕ್ಕವಾಯಿತು. ಹುಡುಗ ತಡವರಿಸಿದರೆ ಹಣಕ್ಕೇ ಕುತ್ತು! ಬಾಯಿಪಾಠಕ್ಕೆ ಬೆಲೆ ಬಂದುದು ಸಹಜವೇ ಸರಿ. ಕರ್ಜನ್ ಸರಕಾರ 1904ರ ಠರಾವಿನಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು. ಹಣದ ನಂಟು ಹೋಯಿತು. ಪರೀಕ್ಷೆಯ ಭಯ ಉಳಿಯಿತು.

ಆ ಭಯಕ್ಕೆ ಗೌರವವನ್ನೂ ಕೂಡಿಸಿದ್ದು ಮುಲ್ಕಿ ಪರೀಕ್ಷೆ. ಏಳನೆಯ ಇಯತ್ತೆಯ ಕೊನೆಗೆ ಬರುವ ಈ ಪರೀಕ್ಷೆ ಪಾಸಾದವನಿಗೆ ಮಾಸ್ತರಿಕೆಯೋ ತಲಾಠಿಯ ಕೆಲಸವೋ ಸಿಗುವ ಆಸೆಯಿತ್ತು. ಒಂದು ಮನೆತನದ ದೆಸೆಯನ್ನೇ ತಿರುಗಿಸಬಲ್ಲ ಕಾಗದವನ್ನು ಜನ ದೇವರ ಮುಂದಿಟ್ಟರೆ ಆಶ್ಚರ್ಯವೇನು? ಆದರೆ ಅದೇ ಭಕ್ತಿಯಿಂದ ಏಳು ವರ್ಷದ ಮಗುವಿನ ಪತ್ರವನ್ನೂ ಓದತೊಡಗಿದುದರಿಂದ ಅನರ್ಥವಾಯಿತು.

ಆ ಪತ್ರದಲ್ಲಿ ನಾವು ನೋಡದೆ ಬಿಡುವ ಸಾಲೆಂದರೆ ಹಾಜರಿಯದು. ಅಣ್ಣಿಗೇರಿ, ನವಲಗುಂದಗಳ ಎರೆಭೂಮಿಯಲ್ಲಿ ಹೆಸರು ಕೊಯ್ಯುವಾಗ, ಹತ್ತಿ ಬಿಡಿಸುವಾಗ ಮನೆಮಂದಿಯೆಲ್ಲ ಹೊಲಕ್ಕೆ ಇಳಿಯುತ್ತಾರೆ. ತೊಟ್ಟಿಲ ಕೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಮನೆಯಲ್ಲಿ ನಿಂತರೆ ಅವಳ ಗಣಿತದ ಗುಣ ಇಳಿಯುವುದು ಬುದ್ಧಿಯ ದೋಷದಿಂದಲ್ಲ. ಕಲಘಟಗಿಯ ಭತ್ತದ ಸೀಮೆಯಲ್ಲಿ ಈ ತಿಂಗಳುಗಳೇ ಬೇರೆ. ಆಡಳಿತವೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಕುಂದಗೋಳ 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಆದರೆ ಸುಗ್ಗಿಗೆ ಸಂಸ್ಥಾನದ ಗಡಿಯಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಏಣಿಯನ್ನು ಏರುವ ಕ್ರಮವಿದು. ಬೆತ್ತವನ್ನು ಹೊರಗಿಟ್ಟು, ಎಲ್ಲ ಮಕ್ಕಳಿಗೂ ಬಾಗಿಲು ತೆರೆದ ಐಗಳ ಮಠವೆಂದರೂ ಸಲ್ಲುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ವರ್ಷವಿಡೀ ನಡೆಯುವ ಮೌಲ್ಯಮಾಪನವನ್ನು ಕಡ್ಡಾಯ ಮಾಡಿತು. ನಪಾಸು ಮಾಡುವುದನ್ನು ತಡೆಯಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳ ಮಟ್ಟಿಗೆ ಆ ತಡೆಯನ್ನು ಸಡಿಲಿಸಿತಾದರೂ ಚಿಕ್ಕ ತರಗತಿಗಳಿಗೆ ಅದು ತಗಲಲಿಲ್ಲ.

ಆದುದರಿಂದ ‘ಬಿ+’ ಎಂಬುದು ಮಗುವಿನ ಮೇಲಿನ ತೀರ್ಪಲ್ಲ. ಇಂದಿಗೆ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬ ಸುದ್ದಿ. ಪಾಲಕರು ಗುರುಗಳನ್ನು ಕೇಳಬೇಕಾದುದು ‘ಎಷ್ಟನೆಯ ನಂಬರು?’ ಎಂದಲ್ಲ, ‘ಎಲ್ಲಿ ತಡೆದಿದೆ? ಎಷ್ಟು ದಿನ ತಪ್ಪಿದೆ? ಮನೆಯಲ್ಲಿ ನಾವೇನು ಮಾಡಬೇಕು?’ ಎಂದು. ನೂರು ವರ್ಷಕ್ಕೂ ಮೀರಿ ಮೇಲಿನ ಕಚೇರಿಗೆ ಹೋಗುತ್ತಿದ್ದ ವರದಿ ಈಗ ಮನೆಗೆ ಬರುತ್ತಿದೆ. ಅದರ ಕೆಳಗೆ ಸಹಿ ಹಾಕುವ ಮೊದಲು ಈ ಮೂರು ಮಾತು ಕೇಳಿದರೆ ಆ ಕಾಗದ ಸಾರ್ಥಕವಾದೀತು.