ವಿಗ್ರಹ, ನಾಣ್ಯ, ಪ್ರಶ್ನೆ: ಶಿಲ್ಪಿ ತಲ್ಲೂರು

ಶಿಲ್ಪಕಲೆಯ ಇತಿಹಾಸವೆಂದೊಡನೆ ನೀವು ಬೇಲೂರು, ಹಳೇಬೀಡುಗಳನ್ನು ನೆನೆಯುತ್ತೀರಿ. ಆ ಇತಿಹಾಸ ಅಲ್ಲಿಗೇ ಮುಗಿಯಿತೆ? ಕುಂದಾಪುರದ ಸಮೀಪದ ತಲ್ಲೂರಿನ ಹೆಸರನ್ನು ಹೊರದೇಶಗಳ ಕಲಾಪ್ರದರ್ಶನಗಳಿಗೆ ಒಯ್ದ ಎಲ್. ಎನ್. ತಲ್ಲೂರು ಅವರನ್ನು ಗಮನಿಸಿ.

1971ರಲ್ಲಿ ಜನಿಸಿದ ಇವರು ಮೈಸೂರಿನ ಕಾವಾದಲ್ಲಿ ಚಿತ್ರಕಲೆ, ಬರೋಡದಲ್ಲಿ ಸಂಗ್ರಹಾಲಯ ಶಾಸ್ತ್ರ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸಮಕಾಲೀನ ಕಲೆ ಕಲಿತರು. ಇವುಗಳಲ್ಲಿ ಎರಡನೆಯ ವ್ಯಾಸಂಗ ಮುಖ್ಯವಾದುದು. ಗುಡಿಯಲ್ಲಿ ಪೂಜೆಗೊಳ್ಳುವ ವಿಗ್ರಹ ಸಂಗ್ರಹಾಲಯಕ್ಕೆ ಬಂದರೆ ನೋಡುವ ವಸ್ತು. ಮಾರುಕಟ್ಟೆಗೆ ಹೋದರೆ ಬೆಲೆಯುಳ್ಳ ಸರಕು. ಹಾಗಾದರೆ ಅದರ ನಿಜವಾದ ಮೌಲ್ಯ ಯಾವುದು?

ತಲ್ಲೂರರ ಕೃತಿಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ. 2011ರ ‘ಯೂನಿಕೋಡ್’ ಶಿಲ್ಪದಲ್ಲಿ ಕಂಚಿನ ಪ್ರಭಾವಳಿಯಿದೆ. ಆದರೆ ನಟರಾಜನಿರಬೇಕಾದ ಸ್ಥಾನದಲ್ಲಿ ಕಾಣುವುದು ನಾಣ್ಯಗಳು ಹುದುಗಿದ ಕಾಂಕ್ರೀಟಿನ ಗುಂಡು! ‘ಕ್ರೊಮ್ಯಾಟೊಫೋಬಿಯಾ’ ಎಂಬ ಕೃತಿಯ ಹೆಸರಿಗೆ ಅವರು ಕೊಟ್ಟ ಅರ್ಥ ‘ಹಣದ ಭಯ’. ಅಲ್ಲಿ ನೋಡುಗರೇ ಸುತ್ತಿಗೆ ಹಿಡಿದು ಮರದ ದಿಮ್ಮಿಗೆ ನಾಣ್ಯ ಬಡಿಯಬೇಕು. ಹೀಗೆ ನೋಡುಗನೂ ಶಿಲ್ಪಿಯಾಗುತ್ತಾನೆ. ಕೈಯಲ್ಲಿದ್ದ ಹಣವೂ ಶಿಲ್ಪವಾಗುತ್ತದೆ.

2012ರಲ್ಲಿ ಇವರಿಗೆ ಸ್ಕೋಡಾ ಕಲಾ ಪ್ರಶಸ್ತಿ ಸಂದಿತು. 2019ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಇವರ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು.

ಪರಂಪರೆಯನ್ನು ಗೌರವಿಸುವುದೆಂದರೆ ಹಳೆಯದನ್ನು ಹಾಗೆಯೇ ಕಡೆದಿಡುವುದಷ್ಟೇ ಅಲ್ಲ. ಅದನ್ನು ಪ್ರಶ್ನಿಸುವುದೂ ಹೌದು. ಮುಂದಿನ ಬಾರಿ ಸಂಗ್ರಹಾಲಯಕ್ಕೆ ಹೋದಾಗ ವಿಗ್ರಹದ ಕಾಲವನ್ನು ಮಾತ್ರ ಬರೆದುಕೊಳ್ಳಬೇಡಿ. ಅದು ಎಲ್ಲಿಂದ, ಏಕೆ ಅಲ್ಲಿಗೆ ಬಂತೆಂದೂ ಕೇಳಿ.